ಬೆಂಡೆಕಾಯಿ ಎಂಬ ಮಾತು

ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಒಂದು ಕಾಗದದ ಚೀಲ. ಒಳಗೆ ಬೆಂಡೆಕಾಯಿ. ಎಳೆಯವು, ಆಗ ತಾನೇ ಕೊಯ್ದವು. ಚೀಟಿ ಇಲ್ಲ, ಹೆಸರಿಲ್ಲ.

ಆಗಸ್ಟ್ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಇದೇನು ದೊಡ್ಡ ವಿಷಯವಲ್ಲ. ಹಿತ್ತಲಲ್ಲಿ ಬೆಂಡೆ ಹಾಕಿದ ಜಿಪುಣರೂ ಆ ತಿಂಗಳು ಧಾರಾಳಿಗಳಾಗಿಬಿಡುತ್ತಾರೆ. ಕಾರಿನ ಗಾಜು ಇಳಿಸಿಟ್ಟು ಚರ್ಚಿಗೆ ಹೋದರೆ ಬರುವಷ್ಟರಲ್ಲಿ ಸೀಟಿನ ಮೇಲೆ ಯಾರೋ ಎರಡು ಹಿಡಿ ಬೆಂಡೆ ಹಾಕಿ ಹೋಗಿರುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಜೋಳದ ಹಿಟ್ಟಿನಲ್ಲಿ ಹೊರಳಿಸಿ, ಕರಿದು ತಿಂದು, ಕೊಟ್ಟ ಪುಣ್ಯಾತ್ಮ ಯಾರೋ ಚೆನ್ನಾಗಿರಲಿ ಅನ್ನುತ್ತಿದ್ದರು. ನಾನು ಚೀಲ ಹಿಡಿದು ನಿಂತಲ್ಲೇ ಬೆವತೆ. ನಮ್ಮ ಮನೆಯಲ್ಲಿ ಬೆಂಡೆಕಾಯಿ ತರಕಾರಿಯಲ್ಲ, ಒಂದು ಮಾತು. ಅದರ ಅರ್ಥ ಗೊತ್ತಿದ್ದದ್ದು ನಾಲ್ಕು ಜನಕ್ಕೆ. ನಾನು, ನನ್ನ ಮಗ ಲೆಮ್, ನಮ್ಮ ವಕೀಲೆ ಮಿಸ್ ಅಕೋಸ್ಟ. ನಾಲ್ಕನೆಯವನು ರಾಯ್ಸ್ ಟಾಲಿವರ್. ಗುರುವಾರ ಹತ್ತು ಗಂಟೆಗೆ ಅವನ ವಿರುದ್ಧವೇ ನಾನು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಿತ್ತು.

ನನ್ನ ಹೆಸರು ವರ್ನೆಲ್ ಪ್ರೂಯಿಟ್. ವಯಸ್ಸು ಎಪ್ಪತ್ತಮೂರು. ಇಪ್ಪತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಊರವರ ಮಕ್ಕಳಿಗೆಲ್ಲ ಬಡಿಸಿದ್ದೇನೆ. ಯಾವ ಮಗು ಏನು ತಿನ್ನುತ್ತದೆ, ಯಾವುದು ತಟ್ಟೆಯಂಚಿಗೆ ತಳ್ಳುತ್ತದೆ ಎಂದು ಮುಖ ನೋಡಿ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಲೆಮ್ ಬೆಂಡೆಕಾಯಿ ಮುಟ್ಟುತ್ತಿರಲಿಲ್ಲ. ಆ ಲೋಳೆ ಬಾಯಿಗೆ ತಗುಲಿದರೆ ಸಾಕು, ವಾಂತಿ. ಅದಕ್ಕೇ ಅವನಿಗೆ ಏಳು ವರ್ಷವಾದಾಗ ಆ ಮಾತನ್ನು ಕಲಿಸಿದೆ. ನಾನು ಎರಡು ಕಡೆ ಕೆಲಸ ಮಾಡುತ್ತಿದ್ದೆ, ಅವನು ಇವರ ಮನೆ ಅವರ ಮನೆಯಲ್ಲಿ ಇರಬೇಕಾಗುತ್ತಿತ್ತು.

"ಯಾರ ಮನೇಲಾದ್ರೂ ನಿಂಗೆ ಹೆದರಿಕೆ ಆಯ್ತು ಅಂದ್ರೆ, ಎದುರಿಗೆ ಜನ ಇದ್ದಾರೆ, ಬಾಯಿಬಿಟ್ಟು ಹೇಳೋಕಾಗಲ್ಲ ಅಂದ್ರೆ, ಫೋನ್ ಮಾಡಿ 'ಅಮ್ಮಾ, ಬೆಂಡೆಕಾಯಿ ತಿನ್ಬೇಕು ಅನ್ನಿಸ್ತಿದೆ' ಅನ್ನು. ನಾನು ಬರ್ತೀನಿ. ಏನೂ ಕೇಳಲ್ಲ, ಬೈಯಲ್ಲ, ಸುಮ್ನೆ ಕರ್ಕೊಂಡು ಬರ್ತೀನಿ."

ಒಂಬತ್ತು ವರ್ಷದವನಿದ್ದಾಗ ಒಂದು ಸಲ ಅವನು ಆ ಮಾತು ಹೇಳಿದ. ಇದ್ದ ಮನೆಯ ಯಜಮಾನ ಕುಡಿದು ಪಾತ್ರೆ ಎಸೆಯುತ್ತಿದ್ದನಂತೆ. ನಾನು ಮನೆಯ ಚಪ್ಪಲಿಯಲ್ಲೇ ಓಡಿದೆ. ಇಪ್ಪತ್ತು ನಿಮಿಷದಲ್ಲಿ ಅಲ್ಲಿದ್ದೆ. "ಬೇಗ ಬಂದ್ಬಿಟ್ಯಲ್ಲಮ್ಮಾ" ಎಂದು ನನ್ನ ಕಾಲು ತಬ್ಬಿಕೊಂಡ. ಆ ದಿನ ನಾನು ಎಂಥಾ ತಾಯಿ ಎಂದು ನನಗೇ ಹೆಮ್ಮೆಯಾಗಿತ್ತು.

ಹದಿನಾಲ್ಕಕ್ಕೆ ದೊಡ್ಡ ಹುಡುಗರ ಜೊತೆ ಕದ್ದ ಕಾರಿನಲ್ಲಿ ಕೂತು ಸಿಕ್ಕಿಬಿದ್ದ. ಓಡಿಸಿದವನು ಬೇರೆ, ಕದ್ದವನು ಬೇರೆ, ಹಿಂದಿನ ಸೀಟಿನಲ್ಲಿ ಚಿಪ್ಸ್ ತಿನ್ನುತ್ತಿದ್ದವನು ಇವನು. ಜಡ್ಜ್ ಒಂಬತ್ತು ತಿಂಗಳು ಟ್ಯಾಲೋ ಕ್ರೀಕ್ ಬಾಲಕರ ಶಾಲೆಗೆ ಕಳಿಸಿದರು. ಹೆಸರಿಗೆ ಶಾಲೆ, ಬೇಲಿಗೆ ಮುಳ್ಳುತಂತಿ. ಅಲ್ಲಿಂದ ಬರುವ ಪತ್ರಗಳನ್ನೆಲ್ಲ ಮೊದಲು ಅಲ್ಲಿಯವರೇ ಓದಿ ಮುದ್ರೆ ಒತ್ತಿ ಕಳಿಸುತ್ತಿದ್ದರು. ಮೂರನೇ ವಾರ ಒಂದು ಪತ್ರ ಬಂತು. "ಇಲ್ಲಿ ಎಲ್ಲ ಚೆನ್ನಾಗಿದೆ. ಅಮ್ಮಾ, ಬೆಂಡೆಕಾಯಿ ತಿನ್ನಬೇಕು ಅನ್ನಿಸುತ್ತಿದೆ." ಆಮೇಲೆ ಇನ್ನೊಂದು. ಅದರಲ್ಲಿ ಆ ಸಾಲಿನ ಕೆಳಗೆ ಗೆರೆ ಎಳೆದಿದ್ದ, ಕಾಗದ ಹರಿಯುವಷ್ಟು ಒತ್ತಿ. ಅದಾದ ಮೇಲೆ ಬಂದ ಪತ್ರಗಳಲ್ಲಿ ಬೆಂಡೆಕಾಯಿ ಇರಲಿಲ್ಲ.

ಅಲ್ಲಿ ಟಾಲಿವರ್ ಅವನಿಗೆ ಏನು ಮಾಡಿದ ಎನ್ನುವುದು ಕೋರ್ಟಿನ ಅರ್ಜಿಯಲ್ಲಿದೆ. ನಾನು ಒಂದು ಸಲ ಓದಿದೆ. ಇನ್ನೊಂದು ಸಲ ಓದಲಾರೆ, ಇಲ್ಲಿ ಬರೆಯಲಾರೆ. ಮಕ್ಕಳನ್ನು ಕಾಯಲು ಸಂಬಳ ಕೊಟ್ಟು ಇಟ್ಟ ಮೇಲ್ವಿಚಾರಕ ಅವನು. ಬೇಲಿಯೇ ಎದ್ದು ಹೊಲ ಮೇಯಿತು, ಅಷ್ಟು ಸಾಕು.

ಲೆಮ್ ಮೂವತ್ತು ವರ್ಷ ಬಾಯಿ ಬಿಡಲಿಲ್ಲ. ಸ್ಕೂಲ್ ಬಸ್ಸುಗಳ ಡಿಪೋದಲ್ಲಿ ಬ್ರೇಕ್ ರಿಪೇರಿ ಮಾಡುತ್ತಾನೆ, ನದಿಯಾಚೆ ಒಬ್ಬನೇ ಇರುತ್ತಾನೆ. ಚರ್ಚಿಗೆ ಬಾರೋ ಎಂದು ಪ್ರತಿ ಭಾನುವಾರ ನಾನು ಅವನ ಪ್ರಾಣ ತಿನ್ನುತ್ತಿದ್ದೆ. ಅವನು ಬರುತ್ತಿರಲಿಲ್ಲ. ದೇವರನ್ನೂ ಬಿಟ್ಟೆಯಲ್ಲೋ ಎಂದು ಹಂಗಿಸಿದ್ದೇನೆ. ನಮ್ಮ ಚರ್ಚಿನ ಹಾಡುವ ತಂಡದಲ್ಲಿ ಎರಡನೇ ಸಾಲಿನಲ್ಲಿ ನಿಂತು ಕಣ್ಣುಮುಚ್ಚಿ ಹಾಡುತ್ತಿದ್ದವನು ಅದೇ ಟಾಲಿವರ್ ಎಂದು ಅವನು ನನಗೆ ಹೇಳಿದ್ದು ಮೂರು ವರ್ಷದ ಹಿಂದೆ, ಕಾನೂನು ಬದಲಾದಾಗ.

ಮಿಸ್ ಅಕೋಸ್ಟ ಅದನ್ನು ನಮಗೆ ಬಿಡಿಸಿ ಹೇಳಿದ್ದರು. "ಮೊದ್ಲು ಇಪ್ಪತ್ತೊಂದು ವರ್ಷ ತುಂಬೋದರೊಳಗೆ ದಾವೆ ಹಾಕ್ಬೇಕಿತ್ತು. ಆಮೇಲೆ ಬಾಗಿಲು ಬಂದ್. ಈಗ ನಮ್ಮ ರಾಜ್ಯದಲ್ಲಿ ಹಳೇ ಕೇಸುಗಳಿಗೂ ಎರಡು ವರ್ಷ ಬಾಗಿಲು ತೆಗ್ದಿದ್ದಾರೆ. ಸರ್ಕಾರದ ಮೇಲೂ ಹಾಕ್ಬಹುದು, ಆ ಮನುಷ್ಯನ ಮೇಲೂ ಹಾಕ್ಬಹುದು. ಪೊಲೀಸ್ ದೂರು ಬೇರೆ ದಾರಿ, ಅದನ್ನೂ ಕೊಡ್ಬಹುದು. ಬೇಡ ಅಂದ್ರೆ ನಿಮ್ಮ ಹೆಸರು ಮುಚ್ಚಿಡ್ತೀವಿ, ಬರೀ ಎರಡು ಅಕ್ಷರ ಹಾಕ್ತೀವಿ."

"ಹೆಸರು ಇರ್ಲಿ," ಎಂದ ಲೆಮ್. "ಅಲ್ಲಿ ನಂಗೆ ನಂಬರ್ ಕೊಟ್ಟಿದ್ರು. ಸಾಕು."

ಅರ್ಜಿ ಹೋಯಿತು. ಬಾಗಿಲು ಮುಚ್ಚಲು ನಲವತ್ತು ದಿನ ಇರುವಾಗ ಹೋಯಿತು. ಸರ್ಕಾರದ ವಕೀಲರು ಉತ್ತರ ಬರೆದರು: ಆ ಕಾಲದಲ್ಲಿ ಯಾರೂ ಯಾರಿಗೂ ದೂರು ಹೇಳಿಲ್ಲ, ಆಫೀಸಿಗೆ ಏನೂ ಗೊತ್ತಿರಲಿಲ್ಲ, ಬಂದುಹೋದವರು ಸಹಿ ಹಾಕುವ ಗೇಟಿನ ಪುಸ್ತಕಗಳೆಲ್ಲ ನೆಲಮಾಳಿಗೆಗೆ ನೀರು ನುಗ್ಗಿ ಹಾಳಾಗಿವೆ, ಇದೆಲ್ಲ ಪರಿಹಾರ ಕೊಡಿಸುತ್ತೇವೆ ಎನ್ನುವ ವಕೀಲರ ಟೀವಿ ಜಾಹೀರಾತು ನೋಡಿ ಹುಟ್ಟಿಸಿದ ಕಥೆ. ನಮ್ಮ ಕೈಯಲ್ಲಿ ಇದ್ದದ್ದು ಆ ಎರಡು ಪತ್ರ ಮಾತ್ರ. "ನಕಲು ಅವರಿಗೆ ಕೊಟ್ಟಿದ್ದೀನಿ. ಅದರ ಅರ್ಥ ಮಾತ್ರ ಗುರುವಾರ ನಿಮ್ಮ ಬಾಯಿಂದಾನೇ ಬರ್ಲಿ," ಎಂದಿದ್ದರು ಮಿಸ್ ಅಕೋಸ್ಟ.

ಲೆಮ್ ಮೊದಲ ಸಲ ಎಲ್ಲ ಹೇಳಿದ ದಿನ ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದ. "ಪತ್ರ ಬಂದಾಗ ನಿಂಗೆ ನೆನಪಾಗ್ಲಿಲ್ವಾಮ್ಮಾ?"

"ಮರ್ತುಹೋಗಿತ್ತು ಕಂದಾ," ಎಂದೆ ನಾನು.

"ಎರಡು ಕೆಲ್ಸ ಮಾಡ್ತಿದ್ದೆ, ಎಲ್ಲಿ ನೆನಪಿರುತ್ತೆ. ಬಿಡು," ಎಂದ. ಅಷ್ಟು ಸಲೀಸಾಗಿ ಕ್ಷಮಿಸಿಬಿಟ್ಟ. ಅವನು ಕ್ಷಮಿಸಿದ್ದು ನನ್ನ ಮರೆವನ್ನು. ನಾನು ಮರೆತೇ ಇರಲಿಲ್ಲ.

ಮಂಗಳವಾರ ಬೆಳಗ್ಗೆ ಇನ್ನೊಂದು ಚೀಲ. ಎರಡನ್ನೂ ಕಸದ ಡಬ್ಬಿಗೆ ಹಾಕಿ, ಮೇಲೆ ಹಳೆಯ ಪೇಪರ್ ಮುಚ್ಚಿದೆ. ಸಂಜೆ ಊಟಕ್ಕೆ ಬಂದ ಲೆಮ್ ಕೋಳಿಯ ಮೂಳೆ ಹಾಕಲು ಡಬ್ಬಿ ತೆರೆದವನು ಹಾಗೇ ನಿಂತ.

"ಯಾರು ಕೊಟ್ಟಿದ್ದು?"

"ಯಾರೋ ಪಕ್ಕದವರು. ಆಗಸ್ಟ್ ಅಲ್ವಾ, ಕೊಡ್ತಾರೆ."

ಅವನು ಮುಚ್ಚಳ ಮುಚ್ಚಿ ಬಂದು ಕೂತ. ಮೇಜಿನ ಬಟ್ಟೆಯ ಅಂಚು ಸವರಿದ. ಆಮೇಲೆ ಹೇಳಿದ. "ಒಂದ್ ವಿಷ್ಯ ಅರ್ಜೀಲೂ ಬರ್ಸಿಲ್ಲ ನಾನು. ಎರಡ್ನೇ ಪತ್ರ ಬರ್ದು ವಾರ ಆಗಿತ್ತು. ಊಟದ ಹೊತ್ತಲ್ಲಿ ಟಾಲಿವರ್ ನನ್ ಮುಂದೆ ಒಂದ್ ತಟ್ಟೆ ತಂದಿಟ್ಟ. ತುಂಬಾ ಬೆಂಡೆಕಾಯಿ. 'ನಿಮ್ಮಮ್ಮಂಗೆ ಬರ್ದಿದ್ಯಲ್ಲಪ್ಪಾ, ತಿನ್ಬೇಕು ಅಂತ. ತಿನ್ನು' ಅಂದ. ಮುಗಿಯೋವರೆಗೂ ತಲೆ ಮೇಲೆ ನಿಂತಿದ್ದ. ಕಕ್ಕಿದ್ರೆ ಮತ್ತೆ ಬಡಿಸ್ದ. ಬರೀ ಪತ್ರ ಓದಿದ್ರೆ ನಂಗಿಷ್ಟ ಅಂದ್ಕೋತಿದ್ದ, ಅಲ್ವಾ? ಆದ್ರೆ ಅವ್ನು ನಗ್ತಿದ್ದ ಅಮ್ಮಾ. ಅವ್ನಿಗೆ ಅರ್ಥ ಗೊತ್ತಿತ್ತು. ಹೇಗೆ ಗೊತ್ತಾಯ್ತು ಅಂತ ಇವತ್ತಿಗೂ ನಂಗೆ ತಿಳೀಲಿಲ್ಲ. ನಿದ್ದೇಲಿ ಏನಾದ್ರೂ ಬಡಬಡಿಸ್ದೆ ಅನ್ಸತ್ತೆ."

ಕುರ್ಚಿಯನ್ನು ಸದ್ದಾಗದ ಹಾಗೆ ಮೇಜಿನ ಕೆಳಗೆ ಸರಿಸಿಟ್ಟು ಹೊರಟ. ಅವನು ಯಾವಾಗಲೂ ಹಾಗೇ. ಎಷ್ಟು ನಯವಿನಯ ನೋಡಿ ನನ್ನ ಮಗನಿಗೆ ಎಂದು ನಾನು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡಿದ್ದೆ. ಟ್ಯಾಲೋ ಕ್ರೀಕ್ ಶಾಲೆಯಲ್ಲಿ ಕುರ್ಚಿ ಸದ್ದಾದರೆ ಏನಾಗುತ್ತಿತ್ತು ಎಂಬುದೂ ಅರ್ಜಿಯಲ್ಲಿದೆ.

ಅವನು ಹೋದ ಮೇಲೆ ನಾನು ಎದ್ದು ಎಲ್ಲ ಬಾಗಿಲುಗಳ ಚಿಲಕ ಹಾಕಿದೆ, ಹೊರಗಿನಿಂದ ಯಾರೋ ಬರುತ್ತಾರೆ ಎನ್ನುವ ಹಾಗೆ. ಬರಬೇಕಾದದ್ದು ಒಳಗೇ ಕೂತಿತ್ತು. ಹೇಗೆ ಗೊತ್ತಾಯಿತು ಎಂದರೆ, ನಾನೇ ಹೇಳಿದೆ.

ಎರಡನೇ ಪತ್ರ ಬಂದ ಮರುದಿನ ನಾನು ಹೋಗಿದ್ದೆ. ಹಸಿರು ಕೋಟು ಹಾಕಿಕೊಂಡು, ಕೆಲಸಕ್ಕೆ ಸುಳ್ಳು ಹೇಳಿ, ಎರಡು ಬಸ್ಸು ಬದಲಿಸಿ ಹೋಗಿದ್ದೆ. ಗೇಟಿನ ಕೋಣೆಯಲ್ಲಿ ಒಬ್ಬ ಸಭ್ಯ ಮನುಷ್ಯ ಕುರ್ಚಿ ಹಾಕಿ ಕೂರಿಸಿದ, ಕಾಫಿ ಕೊಟ್ಟ, ಮೇಡಂ ಎಂದ. ಸರ್ಕಾರಿ ಜಾಗದಲ್ಲಿ ನನ್ನನ್ನು ಯಾರೂ ಅದುವರೆಗೆ ಮೇಡಂ ಎಂದಿರಲಿಲ್ಲ. ನಾನು ಕರಗಿಹೋದೆ. "ನನ್ ಮಗಂಗೆ ಬೆಂಡೆಕಾಯಿ ಕಂಡ್ರೆ ಆಗಲ್ಲ ಸಾರ್. ಅದು ನಮ್ಮಿಬ್ಬರ ಗುಟ್ಟಿನ ಮಾತು. ಯಾರೋ ಅವ್ನಿಗೆ ತೊಂದ್ರೆ ಕೊಡ್ತಿದ್ದಾರೆ, ಸ್ವಲ್ಪ ನೋಡಿ," ಎಂದೆ. ಅವನು ತಲೆಯಾಡಿಸಿ ಕೇಳಿದ. ಎಲ್ಲ ಕೇಳಿದ ಮೇಲೆ ಮೆತ್ತಗೆ ಹೇಳಿದ. ದೂರು ಬರೆದರೆ ವಿಚಾರಣೆ ಆಗುತ್ತದೆ, ವಿಚಾರಣೆ ಆದರೆ ಹುಡುಗನ ಒಂಬತ್ತು ತಿಂಗಳು ಮೊದಲಿನಿಂದ ಶುರುವಾಗುತ್ತದೆ. ಸುಮ್ಮನಿದ್ದರೆ ಕ್ರಿಸ್‌ಮಸ್‌ಗೆ ಮನೆಗೆ ಬರುತ್ತಾನೆ. "ನಾನೇ ಕಣ್ಣಿಟ್ಟಿರ್ತೀನಿ ಮೇಡಂ." ನಾನು ಥ್ಯಾಂಕ್ಸ್ ಹೇಳಿ ಬಸ್ ಹತ್ತಿದೆ. ಮಗನ ಮುಖ ನೋಡದೆ ಬಂದೆ. ಆ ಮನುಷ್ಯನ ಹೆಸರು ಅಂದು ಕೇಳಿರಲಿಲ್ಲ. ವರ್ಷಗಳ ಮೇಲೆ ಅವನು ನಮ್ಮ ಚರ್ಚಿಗೆ ಸೇರಿ, ಕೈಕುಲುಕಿ, ನಾನು ರಾಯ್ಸ್ ಟಾಲಿವರ್ ಎಂದಾಗ ಮುಖ ಎಲ್ಲೋ ನೋಡಿದ ಹಾಗಿದೆ ಅನ್ನಿಸಿತ್ತು. ಎಲ್ಲಿ ಎಂದು ನೆನಪಿಗೆ ತಂದುಕೊಳ್ಳುವ ಗೋಜಿಗೆ ಹೋಗಲಿಲ್ಲ. ಗೇಟಿನ ಕೋಣೆಯ ಮುಖ ಅದೇ ಎಂದು ಹೊಳೆದದ್ದು ಲೆಮ್ ಆ ಹೆಸರು ಹೇಳಿದ ದಿನ.

ಬುಧವಾರ ಮಧ್ಯಾಹ್ನ ಅವನೇ ಬಂದ. ಮೂರನೇ ಚೀಲ ಕೈಯಲ್ಲಿತ್ತು. ಇಸ್ತ್ರಿ ಮಾಡಿದ ಅಂಗಿ, ತಲೆಯ ಮೇಲೆ ಹುಲ್ಲಿನ ಹ್ಯಾಟು. ಜಗಲಿಯ ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ.

"ಸಿಸ್ಟರ್ ಪ್ರೂಯಿಟ್, ಬೆಂಡೆಕಾಯಿ ಎಳೇದಿತ್ತಾ?" ಚರ್ಚಿನಲ್ಲಿ ಕರೆಯುವ ಹಾಗೆಯೇ ಕರೆದ.

"ನಿಮ್ಮ ಹತ್ರ ಮಾತಾಡ್ಬಾರ್ದು ಅಂತ ವಕೀಲರು ಹೇಳಿದ್ದಾರೆ."

"ಮಾತಾಡ್ಬೇಡಿ. ನಾನ್ ಆಡ್ತೀನಿ, ನೀವ್ ಕೇಳಿಸ್ಕೊಳ್ಳಿ." ನಕ್ಕ. "ಆ ಹಸಿರು ಕೋಟು ಇನ್ನೂ ಇಟ್ಟಿದ್ದೀರಾ? ಒಳ್ಳೇ ಕೋಟು ಅದು."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ನಾನು ಹಳೇ ಸಾಮಾನು ಬಿಸಾಕೋನಲ್ಲ ಸಿಸ್ಟರ್. ಗೇಟಿನ ಪುಸ್ತಕ ನನ್ ಹತ್ರ ಜೋಪಾನವಾಗಿದೆ. ವರ್ನೆಲ್ ಪ್ರೂಯಿಟ್, ಒಳಗೆ ಹತ್ತು ಇಪ್ಪತ್ತು, ಹೊರಗೆ ಹತ್ತು ಮೂವತ್ತೊಂದು. ಮುದ್ದಾದ ಅಕ್ಷರ ನಿಮ್ದು. ಹನ್ನೊಂದೇ ನಿಮಿಷ. ಮಗಂಗೆ ಗೊತ್ತಾ?"

ಬೀದಿಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಅದು ನಿಲ್ಲುವವರೆಗೆ ಅವನು ತಾಳ್ಮೆಯಿಂದ ಕಾದ.

"ನಾಳೆ 'ನೆನಪಿಲ್ಲ' ಅಂದ್ಬಿಡಿ. ಎಪ್ಪತ್ತು ದಾಟಿದೆ, ಯಾರೂ ತಪ್ಪು ತಿಳ್ಕೊಳಲ್ಲ. ನಿಮ್ ಮಗ ನಿಮ್ಮವನಾಗೇ ಇರ್ತಾನೆ. ಇಲ್ಲಾಂದ್ರೆ ಯಾವ ಬಾಯಿಂದ ಯಾವ ಮಾತು ಹೊರಗ್ ಬಂತು ಅಂತ ನಾನೂ ಹೇಳ್ಬೇಕಾಗುತ್ತೆ." ಚೀಲವನ್ನು ಮೆಟ್ಟಿಲ ಮೇಲಿಟ್ಟು, ಹ್ಯಾಟು ಎತ್ತಿ, ಹೊರಟುಹೋದ.

ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನೆನಪಿಲ್ಲ ಎಂದರೆ ಲೆಮ್ ಸುಳ್ಳನಾಗುತ್ತಾನೆ, ಆದರೆ ಮಂಗಳವಾರದ ಊಟಕ್ಕೆ ಬರುತ್ತಾನೆ. ನೆನಪಿದೆ ಎಂದರೆ ಅವನು ಗೆಲ್ಲಬಹುದು, ಇನ್ನೆಂದೂ ನನ್ನ ಮೇಜಿಗೆ ಬಂದು ಕೂರದೆ ಇರಬಹುದು. ನಿಜ ಹೇಳುತ್ತೇನೆ, ಆ ರಾತ್ರಿಯಿಡೀ ನಾನು 'ನೆನಪಿಲ್ಲ' ಎನ್ನುವುದನ್ನೇ ಅಭ್ಯಾಸ ಮಾಡಿದೆ.

ಗುರುವಾರ. ಉದ್ದನೆಯ ಮೇಜು, ನೀರಿನ ಜಗ್ಗು, ಮಾತೆಲ್ಲ ಟೈಪ್ ಮಾಡಿಕೊಳ್ಳುವ ಹುಡುಗಿ. ಒಂದು ಬದಿಗೆ ಮಿಸ್ ಅಕೋಸ್ಟ, ನಾನು, ಲೆಮ್. ಎದುರಿಗೆ ಸರ್ಕಾರದ ವಕೀಲ, ಮೊಮ್ಮಗನ ವಯಸ್ಸಿನವನು. ಮೇಜಿನ ಕೊನೆಯಲ್ಲಿ ಟಾಲಿವರ್ ಮತ್ತು ಅವನ ವಕೀಲ. ಟಾಲಿವರ್ ನನಗೆ ಚರ್ಚಿನಲ್ಲಿ ಮಾಡುವ ಹಾಗೆಯೇ ತಲೆಬಾಗಿ ನಮಸ್ಕರಿಸಿದ.

ಮಿಸ್ ಅಕೋಸ್ಟ ಕೇಳಿದರು, ನಾನು ಆ ಮಾತಿನ ಅರ್ಥ ಹೇಳಿದೆ. ಆಮೇಲೆ ಆ ಹುಡುಗ ವಕೀಲನ ಸರದಿ.

"ಮಿಸೆಸ್ ಪ್ರೂಯಿಟ್, ಈ ಪತ್ರದಲ್ಲಿ ಒಬ್ಬ ಹುಡುಗ ತರಕಾರಿ ಕೇಳಿದ್ದಾನೆ. ಮಕ್ಕಳ ರುಚಿ ಬದಲಾಗುತ್ತೆ ಅಲ್ವಾ?"

"ನಮ್ ಲೆಮ್ ಬೆಂಡೆಕಾಯಿ ಕೇಳೋದೂ ಒಂದೇ, ಬೆಕ್ಕು ಸ್ನಾನಕ್ಕೆ ನೀರು ಕೇಳೋದೂ ಒಂದೇ."

ಟೈಪ್ ಮಾಡುವ ಹುಡುಗಿ ತುಟಿ ಕಚ್ಚಿ ನಗು ತಡೆದಳು. ವಕೀಲ ನಗಲಿಲ್ಲ. "ಹಾಗಾದ್ರೆ ನೀವೇ ಹೇಳ್ಕೊಟ್ಟ ಮಾತು ಎರಡು ಸಲ ಬಂತು. ನೀವು ಏನೂ ಮಾಡ್ಲಿಲ್ಲ. ಅಂದ್ರೆ ಅಂಥಾ ಮಾತೇ ಇರ್ಲಿಲ್ಲ, ಅಥ್ವಾ ನಿಮಗೆ ನೆನಪೇ ಇರ್ಲಿಲ್ಲ. ಯಾವುದು?"

ಲೆಮ್ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ. "ಪರ್ವಾಗಿಲ್ಲಮ್ಮಾ. ಮರ್ತಿದ್ದೆ ಅನ್ನು. ನಿಜಾನೇ ತಾನೇ?"

ನನ್ನನ್ನು ಬೀಳಿಸಿದ್ದು ಅದೇ. ಸರ್ಕಾರವಲ್ಲ, ಟಾಲಿವರ್ ಅಲ್ಲ. ನನ್ನ ಸುಳ್ಳಿಗೆ ನನ್ನ ಮಗನೇ ಹೆಗಲು ಕೊಡುತ್ತಿದ್ದ.

"ಮರ್ತಿರ್ಲಿಲ್ಲ," ಎಂದೆ.

ಎಲ್ಲ ಹೇಳಿದೆ. ಹಸಿರು ಕೋಟು, ಎರಡು ಬಸ್ಸು, ಕಾಫಿ, ಹನ್ನೊಂದು ನಿಮಿಷ. "ಗುಟ್ಟಿನ ಮಾತು ಏನು ಅಂತ ಗೇಟಿನಲ್ಲಿದ್ದ ಮೇಲ್ವಿಚಾರಕರಿಗೆ ನಾನೇ ಬಿಡಿಸಿ ಹೇಳ್ದೆ. ಯಾರೋ ನನ್ ಮಗಂಗೆ ತೊಂದ್ರೆ ಕೊಡ್ತಿದ್ದಾರೆ, ನೋಡಿ ಅಂದೆ."

ಸರ್ಕಾರದ ವಕೀಲನ ಮುಖದ ಬಣ್ಣ ಇಳಿಯಿತು. ಕೇಳಬಾರದ್ದನ್ನು ಕೇಳಿಬಿಟ್ಟೆ ಎಂದು ಅವನಿಗೆ ಹೊಳೆದಿತ್ತು. ಅವನು ಫೈಲು ಮುಚ್ಚುವಷ್ಟರಲ್ಲಿ ಮಿಸ್ ಅಕೋಸ್ಟ ಕೇಳಿದರು. "ಆ ಮೇಲ್ವಿಚಾರಕರು ಯಾರು?"

ನಾನು ಬೆರಳು ಎತ್ತಿ ತೋರಿಸಿದೆ. "ಅಲ್ಲಿ ಕೂತಿದ್ದಾರೆ. ನನ್ ಸಹಿ ಇರೋ ಗೇಟಿನ ಪುಸ್ತಕ ತಮ್ಮ ಹತ್ರ ಜೋಪಾನವಾಗಿದೆ ಅಂತ ನಿನ್ನೆ ನಮ್ಮನೆ ಮೆಟ್ಟಿಲ ಹತ್ರ ಬಂದು ಹೇಳಿದ್ರು. ನೆನಪಿಲ್ಲ ಅನ್ನು ಅಂತಾನೂ ಹೇಳ್ಕೊಟ್ರು."

ಟಾಲಿವರ್ ಏನೋ ಹೇಳಲು ಬಾಯಿ ತೆರೆದ. ಅವನ ವಕೀಲ ತೋಳು ಹಿಡಿದು ಒತ್ತಿದ. ನಾನು ಅವರನ್ನು ನೋಡುತ್ತಿರಲಿಲ್ಲ. ಲೆಮ್ ತನ್ನ ಎರಡೂ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದ, ಹುಡುಗರನ್ನು ತಪಾಸಣೆ ಮಾಡುವಾಗ ಇಡಿಸುವ ಹಾಗೆ. ಕಣ್ಣು ನನ್ನ ಮೇಲಿತ್ತು. ಅದರಲ್ಲಿ ಸಿಟ್ಟು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಲೆಕ್ಕ ತಪ್ಪಿದ ಮಗುವಿನ ಹಾಗೆ ಬರೀ ನೋಡುತ್ತಿದ್ದ.

"ಗೇಟ್‌ವರೆಗೂ ಬಂದಿದ್ಯಾ?" ಎಂದ.

"ಬಂದಿದ್ದೆ."

ಅವನು ಎದ್ದ. ಕುರ್ಚಿಯನ್ನು ಸದ್ದಾಗದ ಹಾಗೆ ಒಳಗೆ ಸರಿಸಿದ. ಹೋದ.

ಕಾರಿಡಾರಿನಲ್ಲಿ ಮಿಸ್ ಅಕೋಸ್ಟ ನನ್ನ ಎರಡೂ ಕೈ ಹಿಡಿದುಕೊಂಡರು. "ಆ ಶಾಲೆಯವರಿಗೆ ಆಗ್ಲೇ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷೀನೇ ನಮಗೆ ಸಿಗ್ದೇ ಇದ್ದದ್ದು. ನಾಳೆನೇ ಆ ಪುಸ್ತಕಕ್ಕೆ ಕೋರ್ಟಿಂದ ಆದೇಶ ತರ್ತೀನಿ. ಸಾಕ್ಷಿನ ಬೆದರ್ಸಿದ್ದು ಬೇರೆ ಅಪರಾಧ. ಕೇಸು ಇನ್ನು ಬೀಳಲ್ಲ ಮಿಸೆಸ್ ಪ್ರೂಯಿಟ್."

"ನನ್ ಮಗ ಎಲ್ಲಿ?" ಎಂದೆ. ಅವರಿಗೂ ಗೊತ್ತಿರಲಿಲ್ಲ.

ಶುಕ್ರವಾರ ಫೋನ್ ಎತ್ತಲಿಲ್ಲ. ಡಿಪೋಗೆ ಮಾಡಿದರೆ ಕೆಲಸಕ್ಕೆ ಬಂದಿಲ್ಲ ಎಂದರು. ಹದಿನೇಳು ವರ್ಷದಲ್ಲಿ ಅವನು ರಜೆ ಹಾಕಿದ್ದು ಎರಡೋ ಮೂರೋ ದಿನ. ಶನಿವಾರವೂ ಎತ್ತಲಿಲ್ಲ. ಹೋಗಲೇ ಎಂದು ಹತ್ತು ಸಲ ಬಾಗಿಲವರೆಗೆ ಹೋದೆ. ಯಾವ ಮುಖ ಹೊತ್ತು ಹೋಗಲಿ ಎಂದು ಹತ್ತು ಸಲ ವಾಪಸು ಬಂದೆ. ವಯಸ್ಸಾದರೂ ಗೇಟಿನಿಂದ ಹಿಂತಿರುಗುವ ಬುದ್ಧಿ ಹೋಗಲಿಲ್ಲ ನೋಡಿ. ಅವನಪ್ಪನ ಹಳೆಯ ಪಿಸ್ತೂಲು ಅವನ ಮನೆಯಲ್ಲೇ ಇದೆ ಎಂಬುದು ಶನಿವಾರ ಸಂಜೆ ನೆನಪಾಯಿತು. ನೆನಪಾದದ್ದನ್ನು ಮತ್ತೆ ಮರೆಯಲು ಸ್ಟವ್ ಉಜ್ಜಿದೆ. ಕಪಾಟು ಉಜ್ಜಿದೆ.

ಭಾನುವಾರ ಚರ್ಚಿಗೆ ಹೋಗಲಿಲ್ಲ. ಹನ್ನೊಂದು ಗಂಟೆಗೆ ಫೋನ್ ರಿಂಗಾಯಿತು.

"ಲೆಮ್?"

ಆ ಕಡೆ ಉಸಿರು ಮಾತ್ರ. ಆಮೇಲೆ ಹದಿನಾಲ್ಕು ವರ್ಷದವನ ಧ್ವನಿಯಲ್ಲಿ, ಸಣ್ಣಗೆ:

"ಅಮ್ಮಾ, ಬೆಂಡೆಕಾಯಿ ತಿನ್ಬೇಕು ಅನ್ನಿಸ್ತಿದೆ."

"ಬಂದೆ," ಎಂದೆ. ಏನೂ ಕೇಳಲಿಲ್ಲ.

ಕಣ್ಣಿಗೆ ಪೊರೆ ಬಂದ ಮೇಲೆ ನಾನು ಕಾರು ಬಿಟ್ಟಿದ್ದೇನೆ. ಭಾನುವಾರ ಬಸ್ಸು ಗಂಟೆಗೊಂದು. ಮೊದಲನೆಯದನ್ನು ಹತ್ತಿ ಕೂತ ಮೇಲೆಯೇ ಕಂಡದ್ದು, ಕಾಲಲ್ಲಿ ಮನೆಯ ಚಪ್ಪಲಿ. ಪೊಲೀಸರಿಗೆ ಹೇಳಲೇ, ಮಿಸ್ ಅಕೋಸ್ಟಗೆ ಹೇಳಲೇ ಎಂದು ಫೋನ್ ಕೈಯಲ್ಲಿ ಹಿಡಿದೆ. ಹೇಳಲಿಲ್ಲ. ಆ ಮಾತನ್ನು ಒಂದು ಸಲ ಬೇರೆಯವರ ಕೈಗೆ ಕೊಟ್ಟು ನೋಡಿದ್ದೆ. ನದಿಯ ಸೇತುವೆಯ ಮೇಲೆ ಬಸ್ಸು ಕೆಟ್ಟು ಕಾಲು ಗಂಟೆ ನಿಂತಿತು. ನಾನು ಇಳಿದು ನಡೆದೆ.

ಅವನ ಮನೆಯ ಪರದೆಗಳು ಮುಚ್ಚಿದ್ದವು. ಗೇಟಿನ ಕೊಂಡಿ ತುಕ್ಕು ಹಿಡಿದು ಬಿಗಿದಿತ್ತು. ಕೈ ಕೊಯ್ದುಕೊಂಡು ತೆಗೆದೆ. ಬಾಗಿಲು ಬಡಿದೆ. ಒಳಗೆ ಏನೂ ಕೇಳಿಸಲಿಲ್ಲ. ಮತ್ತೆ ಬಡಿದೆ. "ಲೆಮ್, ಅಮ್ಮ ಬಂದಿದ್ದೀನಿ ಕಣೋ. ಒಳಗೆ ಬರ್ದೆ ಹೋಗಲ್ಲ." ಮೂರನೇ ಸಲ ಬಡಿಯಲು ಕೈ ಎತ್ತಿದಾಗ ಒಳಗೆ ಕುರ್ಚಿಯೊಂದು ನೆಲದ ಮೇಲೆ ಕರಕರ ಸದ್ದು ಮಾಡುತ್ತಾ ಹಿಂದೆ ಸರಿಯಿತು. ಅವನು ಕುರ್ಚಿ ಸದ್ದು ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬಾಗಿಲು ಅರ್ಧ ತೆರೆಯಿತು. ಗುರುವಾರದ ಅಂಗಿಯಲ್ಲೇ ಇದ್ದ. ಅವನ ಹಿಂದೆ ಮೇಜಿನ ಮೇಲೆ ಆ ಪಿಸ್ತೂಲು ಇತ್ತು, ಅದರ ಪಕ್ಕದಲ್ಲಿ ಫೋನು.

ಅವನು ನನ್ನ ಚಪ್ಪಲಿ ನೋಡಿದ, ಕೈಯ ರಕ್ತ ನೋಡಿದ.

"ಎಷ್ಟ್ ಹೊತ್ತಮ್ಮಾ ಬರೋಕೆ," ಎಂದ.

ನಾನು ಅವನನ್ನು ದಾಟಿ ಒಳಗೆ ಹೋದೆ.